ಒಳಗೆ ಗುಂಡೈತೋ, ಇಲ್ಲೋ?

ದಾವಣಗೆರೆಯ ಮಂಡಕ್ಕಿ ಭಟ್ಟಿಯವರಿಗೆ ಕೋತಿ ಕಾಟ ಅಂದರೆ ಏನೂಂತ ಬಿಡಿಸಿ ಹೇಳಬೇಕಾಗಿಲ್ಲ. ಉಪ್ಪುನೀರು ಹಾಕಿದ ಅಕ್ಕಿಯನ್ನು ಅಂಗಳದಲ್ಲಿ ಹರವಿ, ಒಳಗೆ ಹೋಗಿ ಒಂದು ಲೋಟ ಚಾ ಕುಡಿದು ಬರುವಷ್ಟರಲ್ಲಿ ಅರ್ಧ ಅಕ್ಕಿ ಕೋತಿಗಳ ದವಡೆಯಲ್ಲಿ, ಇನ್ನರ್ಧ ಮಣ್ಣಿನಲ್ಲಿ. ಕೋಲು ತಗೊಂಡು ಅಟ್ಟಿದರೆ ಹಂಚು ಹತ್ತಿ ಕೂತು ಹಲ್ಲು ಕಿರಿಯುತ್ತವೆ.

ಭಟ್ಟಿ ರೇವಣ್ಣನಿಗೂ ಇದೇ ತಲೆನೋವು. ಚೀನಾ ಯುದ್ಧ ಮುಗಿದ ಮೇಲೆ ಬಂದ ಒಂದು ಬೇಸಿಗೆ ಅದು. ರೇವಣ್ಣನ ಸೋದರಮಾವ ಮೈಲಾರಲಿಂಗಪ್ಪ ಹತ್ತಿ ವ್ಯಾಪಾರಕ್ಕೆಂದು ಬೊಂಬಾಯಿಗೆ ಹೋದವನು ಬರುವಾಗ ಹೊಚ್ಚ ಹೊಸ ಗಾಳಿ ಪಿಸ್ತೂಲೊಂದನ್ನು ತಂದುಕೊಟ್ಟ.

"ಇದಕ್ಕೆ ಮದ್ದು ಬ್ಯಾಡ, ಬೆಂಕಿ ಬ್ಯಾಡ ಕಣಲೇ ರೇವಣ್ಣ. ನಳಿಗೆ ಹಿಡಿದು ಹಿಂಗೆ ಕೆಳಕ್ಕೆ ಬಗ್ಗಿಸು. ಒಳಗಿನ ಸ್ಪ್ರಿಂಗು ಬಿಗಿ ಆಗ್ತೈತೆ. ಈ ಸೀಸದ ಗುಂಡು ಒಂದು ಇಡು. ನಳಿಗೆ ಮುಚ್ಚು. ಕುದುರೆ ಒತ್ತು. ಗಾಳಿನೇ ಗುಂಡನ್ನ ದೂಡ್ತೈತೆ!" ಎಂದು ಬೆರಳಿಗೆ ಸಿಗುವ ಕೊಕ್ಕೆಯನ್ನು ತೋರಿಸಿದ. ಅದಕ್ಕೇ ಕುದುರೆ ಅನ್ನುವುದು.

ರೇವಣ್ಣನ ತಾಯಿ ರಂಗವ್ವ ಒಳಗಿಂದಲೇ ಕೂಗಿದಳು. "ಹನುಮಪ್ಪನ ಮೈಮೇಲೆ ಗುಂಡು ಹಾರಿಸಿದ್ರೆ ನಾನು ಈ ಮನಿಯಾಗೆ ಅನ್ನ ಮುಟ್ಟಲ್ಲ, ನೋಡು!"

"ಇಲ್ಲ ಬಿಡವ್ವ," ಎಂದ ರೇವಣ್ಣ. ಬೇಲಿಗೆ ಒಂದು ಹಳೇ ಸೀಮೆಎಣ್ಣೆ ಡಬ್ಬ ಕಟ್ಟಿದ. ಕೋತಿ ಬಂದರೆ ಡಬ್ಬಕ್ಕೆ ಹೊಡೆಯುತ್ತಿದ್ದ. ಡಬ್ಬ ಢಣ್ ಅನ್ನುತ್ತಿತ್ತು, ಕೋತಿಗಳು ಓಡುತ್ತಿದ್ದವು. ಎಲ್ಲರಿಗೂ ಖುಷಿಯಾಯಿತು. ರೇವಣ್ಣನ ಹೆಂಡತಿ ಅಂಜಿನವ್ವನಿಗಂತೂ ಅಂಗಳ ಕಾಯುವ ಕೆಲಸ ತಪ್ಪಿತ್ತು.

ಈ ಖುಷಿ ಹೆಚ್ಚು ದಿನ ಉಳಿಯಲಿಲ್ಲ.

ಒಂದು ಮಧ್ಯಾಹ್ನ ಕೋತಿಗಳು ಬಂದವು. ರೇವಣ್ಣ ನಳಿಗೆ ಬಗ್ಗಿಸಿದ, ಮುಚ್ಚಿದ, ಗುರಿ ಹಿಡಿದ, ಕುದುರೆ ಒತ್ತಿದ. ಕುದುರೆ ಅಲ್ಲಾಡಲೇ ಇಲ್ಲ. ಮತ್ತೆ ಒತ್ತಿದ. ಹಲ್ಲು ಕಚ್ಚಿ ಒತ್ತಿದ. ಕಲ್ಲಿಗೆ ಒತ್ತಿದಂಗೆ! ಕೋತಿಗಳು ಹೊಟ್ಟೆ ತುಂಬ ತಿಂದು, ಸಾವಕಾಶವಾಗಿ ಎದ್ದು ಹೋದವು.

"ಹೊಸಾದು, ಇಷ್ಟು ಬೇಗ ಕೆಟ್ಟೋತಾ?" ರೇವಣ್ಣನಿಗೆ ಏನೂ ತಿಳಿಯಲಿಲ್ಲ.

ಪಕ್ಕದ ಭಟ್ಟಿಯ ಮಸ್ತಾನಸಾಬ್ ಬೇಲಿ ದಾಟಿ ಬಂದ. ಅವನು ಯಾವ ಯಂತ್ರ ಕಂಡರೂ ಒಂದೇ ಮದ್ದು ಹೇಳುವವನು. "ಅರೆ ರೇವಣ್ಣ, ಒಣಗೈತೆ ಅದು! ಎಣ್ಣಿ ಕುಡಿಸು."

ಕಡಲೆಕಾಯಿ ಎಣ್ಣೆಯ ಬಾಟಲಿ ಬಂತು. ಇಬ್ಬರೂ ಸೇರಿ ಕಂಡ ಕಂಡ ಸಂದಿಗೆಲ್ಲ ಎಣ್ಣೆ ಬಿಟ್ಟರು. ಪಿಸ್ತೂಲು ಕೈಯಲ್ಲಿ ಮೀನಿನಂತೆ ಜಾರತೊಡಗಿತು. ಕುದುರೆ ಮಾತ್ರ ಜಗ್ಗಲಿಲ್ಲ. ರೇವಣ್ಣ ಬೇಜಾರಾಗಿ ಅದನ್ನು ಒಂದು ಹರಕು ಬಟ್ಟೆಯಲ್ಲಿ ಸುತ್ತಿ ಉಪ್ಪಿನ ಚೀಲಗಳ ಮೇಲಿನ ಹಲಗೆಗೆ ಎಸೆದ. ಭಟ್ಟಿ ಕೆಲಸದವರ ಕೈ ಎಂದರೆ ಸದಾ ಉಪ್ಪುನೀರಿನ ಕೈ. ಆ ಬಟ್ಟೆಯೂ ಅಂಥದ್ದೇ.

ಆವತ್ತೇ ಅಂಜಿನವ್ವ ಕೇಳಿದಳು. "ಅಲ್ರಿ, ಅದರಾಗೆ ಗುಂಡು ಹಾಕಿದ್ರೇನು?"

"ಇಲ್ಲ."

"ನೆನಪೈತಾ?"

"ಹಾಕಿದ್ನೇನಪ್ಪ... ಇಲ್ಲ ಇಲ್ಲ. ಹಾಕಿ ತೆಗೆದೆ ಅನ್ಸುತ್ತೆ."

"ತೆಗೆದ್ಯಾ? ನೀನು ಗುಂಡು ಇಟ್ಟಿದ್ದು ನಾನು ಕಣ್ಣಾರೆ ಕಂಡೀನಿ. ತೆಗೆದಿದ್ದು ಕಾಣ್ಲಿಲ್ಲ," ಎಂದಳು ರಂಗವ್ವ ಅಕ್ಕಿ ಆರಿಸುತ್ತಾ.

"ನಿನಗೆ ನಿನ್ನೆ ಇಟ್ಟಿದ್ದು ನೆನಪಾಗಿರ್ಬೇಕವ್ವ."

"ನಿನ್ನೆ ನಾನು ಮನಿಯಾಗೇ ಇರ್ಲಿಲ್ಲ!"

ಮಸ್ತಾನಸಾಬ್ ನಕ್ಕ. "ಇದ್ರೆ ಏನಾತು, ಇಲ್ದಿದ್ರೆ ಏನಾತು? ಗಾಳಿ ಪಿಸ್ತೂಲು ಅದು. ಗಾಳಿಗೆ ಯಾರು ಸಾಯ್ತಾರೆ?"

ಅಂಜಿನವ್ವ ಒಬ್ಬೊಬ್ಬರ ಮುಖ ನೋಡಿದಳು. ಗಂಡನ ಮಾತು ಕೇಳಿದರೆ ಅದು ಬರೀ ಕಬ್ಬಿಣ. ಅತ್ತೆಯ ಮಾತು ಕೇಳಿದರೆ ಅದು ಹೊಂಚು ಹಾಕಿ ಕೂತ ಹಾವು. ಯಾವುದನ್ನು ನಂಬಬೇಕು? ಉಪ್ಪು ತೆಗೆಯಲು ಹೋದಾಗಲೆಲ್ಲ ಅವಳ ಕಣ್ಣು ಆ ಹಲಗೆಯ ಮೇಲೆಯೇ. ನಳಿಗೆಯ ತುದಿ ಈ ಕಡೆಗೋ, ಗೋಡೆ ಕಡೆಗೋ? ಬಟ್ಟೆ ಸುತ್ತಿದ್ದರಿಂದ ಅದೂ ಗೊತ್ತಾಗದು. ಉಪ್ಪು ಬೇಕಾದರೆ ಬಗ್ಗಿಕೊಂಡು ಹೋಗಿ ಬಗ್ಗಿಕೊಂಡೇ ಬರುತ್ತಿದ್ದಳು. ತನ್ನ ಹುಚ್ಚಿಗೆ ತಾನೇ ನಗುತ್ತಿದ್ದಳು. ಮರುದಿನ ಮತ್ತೆ ಬಗ್ಗುತ್ತಿದ್ದಳು.

ಹೀಗೇ ಕೆಲವು ದಿನ ಹೋದವು. ಒಂದು ಬೆಳಿಗ್ಗೆ ರೇವಣ್ಣನಿಗೇ ಸಿಟ್ಟು ಬಂತು. "ದಿನಾ ಒಂದೇ ರಾಗ! ಐತೋ ಇಲ್ಲೋ ಈಗಲೇ ನೋಡಿಬಿಡ್ತೀನಿ," ಎಂದು ಪಿಸ್ತೂಲು ತೆಗೆದ. ಬಟ್ಟೆ ಬಿಚ್ಚಿದರೆ ಹೊಳೆಯುತ್ತಿದ್ದ ಕಬ್ಬಿಣದ ಮೇಲೆ ಅಲ್ಲಲ್ಲಿ ಕೆಂಪು ತುಕ್ಕು. ಅವನು ಅಂಗಳದ ಬಿಸಿಲಿಗೆ ಬಂದು, ನಳಿಗೆಯ ಬಾಯನ್ನು ಕಣ್ಣಿಗೆ ಹಿಡಿದು, ಇನ್ನೊಂದು ಕಣ್ಣು ಮುಚ್ಚಿ ಒಳಗೆ ಇಣುಕಿದ. ಅವನ ಹೆಬ್ಬೆರಳು ಕುದುರೆಯ ಮೇಲೆಯೇ ಇತ್ತು.

ಅಂಜಿನವ್ವನ ಕೈಯಲ್ಲಿದ್ದ ಮೊರ ಕೆಳಗೆ ಬಿತ್ತು. ಓಡಿಬಂದು ಅವನ ಮೊಣಕೈಯನ್ನು ಪಕ್ಕಕ್ಕೆ ತಳ್ಳಿದಳು.

"ಏನು ಹುಚ್ಚು ಹಿಡೀತಾ ನಿನಗೆ!" ರೇವಣ್ಣ ಗದರಿದ. "ಕುದುರೆನೇ ಅಲ್ಲಾಡಲ್ಲ ಅಂತೀನಿ. ಒಳಗೆ ಬರೀ ಕತ್ತಲೆ. ಏನೂ ಇಲ್ಲ!"

"ಕತ್ತಲೆಯಾಗೆ ಏನು ಐತೋ ನಿಮಗೆ ಹೆಂಗೆ ಕಂಡೀತು?" ಎಂದಳು ಅಂಜಿನವ್ವ. ರೇವಣ್ಣ ಬಟ್ಟೆ ಸುತ್ತಿದ. ಪಿಸ್ತೂಲು ಮತ್ತೆ ಹಲಗೆ ಸೇರಿತು.

ಆಗ ಅಂಜಿನವ್ವನಿಗೆ ಶಮೀಮ್ ನೆನಪಾದಳು. ಶಮೀಮ್ ಅಂದರೆ ಈ ಮಸ್ತಾನಸಾಬನ ತಂಗಿ. ಅಂಜಿನವ್ವನ ವಾರಿಗೆಯ ಗೆಳತಿ, ಒಂದೇ ಬೆಂಚಿನಲ್ಲಿ ಕೂತು ಅಕ್ಷರ ಕಲಿತವಳು. ಈಗ ಹರಿಹರದಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಟೀಚರು. ಯುದ್ಧದ ಹೊತ್ತಿನಲ್ಲಿ ಊರವರಿಗೆ ಬಂದೂಕು ತರಬೇತಿ ಕೊಟ್ಟಾಗ ಸೇರಿ ಕಲಿತಿದ್ದಳು.

ಗಂಡನಿಗೆ ಹೇಳಿದರೆ ನಕ್ಕಾನು ಎಂದು ಅಂಜಿನವ್ವ ಹೇಳಲಿಲ್ಲ. "ಶಮೀಮನ್ನ ಮಾತಾಡಿಸಿಕೊಂಡು ಬರ್ತೀನಿ ಅತ್ತೆ," ಎಂದು ಕೈಚೀಲದ ತಳಕ್ಕೆ ಪಿಸ್ತೂಲು ಇಟ್ಟು, ಮೇಲೆ ಮಂಡಕ್ಕಿ ತುಂಬಿಕೊಂಡು ಹೊರಟಳು. ಅದು ತಪ್ಪು ಅಂತ ಅವಳಿಗೆ ಬಸ್ಸು ಹತ್ತಿದ ಮೇಲೆ ಗೊತ್ತಾಯಿತು.

ಹರಿಹರದ ಬಸ್ಸು ಕಿಕ್ಕಿರಿದಿತ್ತು. ಅಂಜಿನವ್ವ ಕಿಟಕಿ ಪಕ್ಕ ಕೂತು ಚೀಲ ತೊಡೆಯ ಮೇಲಿಟ್ಟುಕೊಂಡಳು. ಪಕ್ಕದಲ್ಲಿ ತುಂಬಿದ ಬಸುರಿಯೊಬ್ಬಳು ಬಂದು ಕೂತಳು. ಅಂಜಿನವ್ವ ಬಟ್ಟೆಯ ಮೇಲಿಂದ ಮುಟ್ಟಿ ನೋಡಿದಳು. ನಳಿಗೆ ಬಸುರಿಯ ಕಡೆಗೇ ಇತ್ತು! ಗಾಬರಿಯಿಂದ ಮುಂದಕ್ಕೆ ತಿರುಗಿಸಿದಳು. ಮುಂದಿನ ಸೀಟಿನಲ್ಲಿ ರುಮಾಲು ಸುತ್ತಿದ ಮುದುಕ ತೂಕಡಿಸುತ್ತಿದ್ದ. ಕೆಳಕ್ಕೆ ಮಾಡಿದಳು. ಕೆಳಗೆ ಸಾಮಾನಿನ ಗಂಟಿಗೆ ಒರಗಿ ಒಂದು ಹೆಂಗಸು ಕಾಲು ಚಾಚಿ ಕೂತಿದ್ದಳು. ಕಿಟಕಿಯಾಚೆ ಮಾಡೋಣವೆಂದರೆ ರಸ್ತೆಯುದ್ದಕ್ಕೂ ಗಾಡಿ, ಸೈಕಲ್ಲು. ಮೇಲಕ್ಕೆ ಮಾಡೋಣವೆಂದರೆ ಬಸ್ಸಿನ ತಲೆಯ ಮೇಲೂ ಜನ. ತನ್ನ ಕಡೆಗೇ ತಿರುಗಿಸಿಕೊಳ್ಳಲೇ? ಮನೆಯಲ್ಲಿ ಇವಳಿಲ್ಲದಿದ್ದರೆ ಭಟ್ಟಿಯ ಗತಿ ಏನು?

"ಯಾಕವ್ವ, ಮೈಯಾಗೆ ಹುಷಾರಿಲ್ಲೇನು? ಸುಮ್ನೆ ಕುಂದರಕ್ಕೆ ಆಗವಲ್ದು ನಿನಗೆ," ಎಂದಳು ಬಸುರಿ.

"ಏನಿಲ್ಲವ್ವ. ಸೆಖೆ."

ಒಳಗೆ ಗುಂಡಿಲ್ಲದಿದ್ದರೆ ಇದೆಲ್ಲ ಹುಚ್ಚಾಟ. ಇದ್ದರೆ? ಅವಳಿಗೆ ಯಾವುದೂ ಗೊತ್ತಿಲ್ಲ. ಹರಿಹರದ ರಸ್ತೆಯ ಒಂದೊಂದು ಗುಂಡಿಗೂ ಬಸ್ಸು ಎಗರಿದಾಗ ಅವಳು ಕಣ್ಣು ಮುಚ್ಚುತ್ತಿದ್ದಳು. ಹರಿಹರದಲ್ಲಿ ಇಳಿಯುವಾಗ ರವಿಕೆಯೆಲ್ಲ ಬೆವರಿನಿಂದ ತೊಯ್ದಿತ್ತು.

ಶಮೀಮಳ ಮನೆ ಹೊಳೆಗೆ ಹೋಗುವ ದಾರಿಯಲ್ಲಿ. ಹೊಸ ಕೋಣೆ ಕಟ್ಟಿಸಲು ಹಿತ್ತಲಿನ ಗೋಡೆಗೆ ಒತ್ತಿ ಹೊಳೆ ಮರಳಿನ ದೊಡ್ಡ ರಾಶಿ ಹಾಕಿಸಿದ್ದಳು. ಗೆಳತಿಯನ್ನು ಕಂಡು ಬಾಗಿಲಿಗೇ ಓಡಿಬಂದಳು. "ಬಾ ಬಾ ಅಂಜಿನಿ! ಇದೇನು ಮುಖ ಬಿಳುಚಿಕೊಂಡೈತೆ?"

ಅಂಜಿನವ್ವ ಚೀಲ ಮುಂದೆ ಚಾಚಿ, ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಶಮೀಮಳ ನಗು ಹಾರಿಹೋಯಿತು.

"ಇದರ ಕೂಡ ಬಸ್ಸಿನಾಗೆ ಬಂದ್ಯಾ?"

"ಗುಂಡು ಐತೋ ಇಲ್ಲೋ ಗೊತ್ತಿಲ್ಲ ಅಂತ..."

"ಗೊತ್ತಿಲ್ಲ ಅಂದ್ರೆ ಐತೆ ಅಂತಲೇ ತಿಳೀಬೇಕು ಅಂಜಿನಿ. ಯಾರು ಇಲ್ಲ ಅಂದ್ರೂ ಐತೆ. ಗಂಡ ಹೇಳ್ಲಿ, ಅತ್ತೆ ಹೇಳ್ಲಿ, ನಾನೇ ಹೇಳ್ಲಿ. ನೀನಾಗಿ ತೆರೆದು ನೋಡೋ ತನಕ ಐತೆ. ಗೊತ್ತಿಲ್ಲದಿದ್ರೆ ಮುಟ್ಟದೆ ಬಾಗಿಲು ಹಾಕಿ ನನಗೆ ಹೇಳಿ ಕಳಿಸ್ಬೇಕಿತ್ತು. ನಾನೇ ಬರ್ತಿದ್ದೆ."

ಇಬ್ಬರೂ ಹಿತ್ತಲಿಗೆ ಹೋದರು. ಶಮೀಮ್ ಕನ್ನಡಕ ಹಾಕಿಕೊಂಡಳು, ಮನೆಯವರನ್ನೆಲ್ಲ ಒಳಗೆ ಕಳಿಸಿದಳು. ಅಂಜಿನವ್ವನನ್ನು ತನ್ನ ಬೆನ್ನ ಹಿಂದೆ ನಿಲ್ಲಿಸಿಕೊಂಡಳು. ಮಂಡಕ್ಕಿಯನ್ನು ಬೊಗಸೆ ಬೊಗಸೆಯಾಗಿ ಮೊರಕ್ಕೆ ಹಾಕಿ, ಪಿಸ್ತೂಲನ್ನು ನಿಧಾನವಾಗಿ ತೆಗೆದು, ನಳಿಗೆಯನ್ನು ಮರಳಿನ ಕಡೆಗೇ ಹಿಡಿದಳು. ಅವಳ ಬೆರಳು ಕುದುರೆಯಿಂದ ದೂರ, ಪಕ್ಕದಲ್ಲಿ ನೆಟ್ಟಗೆ ಚಾಚಿತ್ತು.

"ಇಲ್ನೋಡು. ಪಕ್ಕದಾಗೆ ಈ ಸಣ್ಣ ಚಿಲಕ ಕಾಣ್ತೈತಾ? ಇದು ಹಿಂದಕ್ಕಿದ್ರೆ ಕುದುರೆಗೆ ಬೀಗ ಹಾಕ್ದಂಗೆ. ಎಷ್ಟು ಒತ್ತಿದ್ರೂ ಅಲ್ಲಾಡಲ್ಲ. ನಿಮ್ಮ ಪಿಸ್ತೂಲು ಕೆಟ್ಟಿರ್ಲಿಲ್ಲ, ಕೈ ತಾಗಿ ಚಿಲಕ ಬಿದ್ದಿತ್ತು ಅಷ್ಟೆ."

"ಅಷ್ಟಕ್ಕೇ ಇಷ್ಟೆಲ್ಲಾ ಆತಾ!" ಅಂಜಿನವ್ವನಿಗೆ ನಗು ಬಂತು.

ಶಮೀಮ್ ನಗಲಿಲ್ಲ. "ಈಗ ಚಿಲಕ ಬಿದ್ದಿಲ್ಲ ಅಂಜಿನಿ. ಮುಂದಕ್ಕೆ ಸರಿದೈತೆ. ಚೀಲದಾಗೆ ಉಜ್ಜಿ ಸರಿದಿರ್ಬೇಕು. ಸ್ಪ್ರಿಂಗೂ ಬಿಗಿಯಾಗೇ ಐತೆ. ನೀನು ಬಸ್ಸು ಇಳಿಯೋವಾಗ ಇದು ಹೊಡಿಯಾಕೆ ತಯಾರಾಗಿತ್ತು. ಮರಳಿಗೆ ಹೊಡೆದು ಸ್ಪ್ರಿಂಗು ಸಡಿಲ ಮಾಡ್ತೀನಿ. ಕಿವಿ ಮುಚ್ಕೋ."

ಮರಳಿನ ರಾಶಿಯ ನಡುವಿಗೆ ಗುರಿ ಹಿಡಿದು ಮೆಲ್ಲಗೆ ಕುದುರೆ ಒತ್ತಿದಳು.

ಢಂ!

ಟಪ್ ಅನ್ನಬೇಕಾದ ಪಿಸ್ತೂಲು ಪಟಾಕಿಯಂತೆ ಸಿಡಿಯಿತು. ನಳಿಗೆಯಿಂದ ನೀಲಿ ಹೊಗೆ ಎದ್ದಿತು. ಒಗ್ಗರಣೆ ಸೀದ ವಾಸನೆ ಬಂತು. ರಾಶಿಯಿಂದ ಮರಳು ಸರಸರ ಜಾರಿತು. ಶಮೀಮ್ ನಳಿಗೆ ತೆರೆದು ಈಗ ಖಾಲಿ ಎಂದು ತೋರಿಸಿ, ಪಿಸ್ತೂಲನ್ನು ಕಟ್ಟೆಯ ಮೇಲಿಟ್ಟು, ಮರಳಿಗೆ ಕೈ ಹಾಕಿ ಕೆದಕಿದಳು. ಬೆರಳುಗಳು ಪೂರಾ ಮುಳುಗಿದ ಮೇಲೆ ಅಪ್ಪಚ್ಚಿಯಾದ ಒಂದು ಸೀಸದ ಚೂರು ಸಿಕ್ಕಿತು.

ಗುಂಡಿತ್ತು.

ಅಂಜಿನವ್ವ ಅಲ್ಲೇ ಕಟ್ಟೆಯ ಮೇಲೆ ಕೂತಳು. ತೂಕಡಿಸುತ್ತಿದ್ದ ಮುದುಕನ ರುಮಾಲು ಕಣ್ಣೆದುರು ಬಂತು. ಬಸುರಿಯ ಹೊಟ್ಟೆ ಬಂತು. ಬಿಸಿಲಿನಲ್ಲಿ ಒಂದು ಕಣ್ಣು ಮುಚ್ಚಿ ನಿಂತಿದ್ದ ಗಂಡ ಬಂದ. ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟಳು.

ಶಮೀಮ್ ನೀರು ತಂದುಕೊಟ್ಟು ಬೆನ್ನು ಸವರಿದಳು. ಅಳು ನಿಂತ ಮೇಲೆ ಅಂಜಿನವ್ವನೇ ಕೇಳಿದಳು. "ಗಾಳಿ ಪಿಸ್ತೂಲು ಅಂದ್ರಲ್ಲ. ಬೆಂಕಿ ಹೆಂಗೆ ಬಂತು?"

"ಎಣ್ಣಿ ಕುಡಿಸಿದ್ರಲ್ಲ, ಅದಕ್ಕೆ. ಒಳಗೆ ಗಾಳಿ ಬಿಗಿದು ಒತ್ತಿದಾಗ ಕಾಯ್ತೈತೆ, ಸೈಕಲ್ ಪಂಪು ಕಾಯಲ್ವಾ ಹಂಗೆ. ಆ ಕಾವಿಗೆ ಎಣ್ಣಿ ಹತ್ತಿಕೊಂಡ್ತು. ಗುಂಡು ಇನ್ನೂ ಜೋರಾಗಿ ಹೋತು. ಹಿಂಗೆ ನಾಕು ಸಲ ಆದ್ರೆ ಸ್ಪ್ರಿಂಗು ಮುರೀತೈತೆ, ಒಳಗೆ ಗಾಳಿ ತಡೆಯೋ ತೊಗಲು ಸುಡ್ತೈತೆ. ಗಾಳಿ ಹೋಗೋ ತೂತಿಗೆ ಅಡಿಗಿ ಎಣ್ಣಿ ಎಂದೂ ಹಾಕಬಾರ್ದು. ನಮ್ಮಣ್ಣನಿಗೆ ಎಲ್ಲದಕ್ಕೂ ಎಣ್ಣಿನೇ ಔಷಧಿ!"

ಆಮೇಲೆ ಶಮೀಮ್ ಪಿಸ್ತೂಲಿಗೆ ಉಪಚಾರ ಮಾಡತೊಡಗಿದಳು. ಅಂಜಿನವ್ವ ಪಕ್ಕದಲ್ಲಿ ಕೂತು ನೋಡಿದಳು. ತೆಳ್ಳನೆಯ ಕಡ್ಡಿಗೆ ಒಣ ಅರಿವೆ ಸುತ್ತಿ ನಳಿಗೆಯೊಳಗೆ ಆಡಿಸಿದಾಗ ಕಪ್ಪು ಜಿಡ್ಡು ಬಂತು. ಬಟ್ಟೆ ಶುಭ್ರವಾಗಿ ಬರುವ ತನಕ ಒರೆಸಿದಳು. ಹೊಲಿಗೆ ಮಿಷನ್ನಿನ ಎಣ್ಣೆಯನ್ನು ಅರಿವೆಗೆ ಮುಟ್ಟಿಸಿ ಮೈಗೆಲ್ಲ ತೆಳ್ಳಗೆ ಸವರಿ ತುಕ್ಕು ಬಿಡಿಸಿದಳು. ನಳಿಗೆ ಬಗ್ಗುವ ಕೀಲಿಗೆ ಮಾತ್ರ ಒಂದು ಹನಿ.

"ತುಕ್ಕು ಯಾಕ ಬಂತು ಗೊತ್ತಾ? ಉಪ್ಪಿನ ಕೈ, ಉಪ್ಪಿನ ಬಟ್ಟೆ, ಉಪ್ಪಿನ ಕೋಣೆ. ಕೈ ತೊಳೆದು ಒರೆಸಿಕೊಂಡು ಮುಟ್ರಿ, ಒಣಗಿದ ಜಾಗದಾಗೆ ಇಡ್ರಿ. ಸ್ಪ್ರಿಂಗು ಬಿಗಿದು ಇಡಬ್ಯಾಡ್ರಿ. ಎತ್ತನ್ನ ನೊಗಕ್ಕೆ ಕಟ್ಟೇ ಮಲಗಿಸ್ತೀರೇನು?"

"ಗುಂಡು ಒಳಗೆ ಸಿಕ್ಕಿಹಾಕ್ಕೊಂಡ್ರೆ? ಇನ್ನೊಂದು ಹೊಡೆದು ದೂಡಬಹುದಾ?"

"ಬ್ಯಾಡ! ಎರಡೂ ಸಿಕ್ಕೊಳ್ತಾವೆ. ಗೊತ್ತಿದ್ದವರ ಹತ್ರ ತಗೊಂಡು ಹೋಗು. ತಗೊಂಡು ಹೋಗೋದಲ್ಲ, ಅವರನ್ನೇ ಕರಿ," ಎಂದು ಶಮೀಮ್ ಗೆಳತಿಯ ಕೆನ್ನೆ ಹಿಂಡಿದಳು.

ಪಿಸ್ತೂಲನ್ನು ಅವಳು ಅವತ್ತು ವಾಪಸು ಕಳಿಸಲಿಲ್ಲ. ರಜೆಯ ದಿನ ತಾನೇ ದಾವಣಗೆರೆಗೆ ತಂದಳು. ಖಾಲಿ ಎಂದು ನೋಡಿ, ಪೆಟ್ಟಿಗೆಯಲ್ಲಿಟ್ಟು, ಹಗ್ಗ ಬಿಗಿದು ತಂದಿದ್ದಳು.

ರೇವಣ್ಣನಿಗೆ ವಿಷಯ ಆಗಲೇ ತಿಳಿದಿತ್ತು, ಆದರೂ ನಂಬಿರಲಿಲ್ಲ. "ಅಲ್ಲ ಶಮೀಮವ್ವ, ನಾನು ಎಷ್ಟು ಸಲ ಕುದುರೆ ಒತ್ತೀನಿ. ಇದ್ದಿದ್ರೆ ಹಾರ್ತಿರ್ಲಿಲ್ವಾ?"

ಶಮೀಮ್ ವಾದ ಮಾಡಲಿಲ್ಲ. ಖಾಲಿ ಪಿಸ್ತೂಲಿನ ಚಿಲಕವನ್ನು ಅವನ ಕೈಯಿಂದಲೇ ಹಿಂದಕ್ಕೆ ಎಳೆಸಿದಳು, ಮುಂದಕ್ಕೆ ತಳ್ಳಿಸಿದಳು. ಆಮೇಲೆ ಆ ಸೀಸದ ಚೂರನ್ನು ಅವನ ಅಂಗೈಯಲ್ಲಿಟ್ಟಳು. ಅದು ಮರಳಿನೊಳಗೆ ಎಷ್ಟು ಆಳ ಹೋಗಿತ್ತೆಂದು ತನ್ನ ಬೆರಳುಗಳ ಬುಡ ಮುಟ್ಟಿ ತೋರಿಸಿದಳು.

ರೇವಣ್ಣ ಚೂರನ್ನು ಬೆರಳಿನಿಂದ ಹೊರಳಿಸಿ ನೋಡಿದ. ಅವನ ಇನ್ನೊಂದು ಕೈ ತಾನಾಗಿ ಬಲಗಣ್ಣಿಗೆ ಹೋಯಿತು. ಬೇಲಿಯ ಬಳಿ ನಿಂತಿದ್ದ ಮಸ್ತಾನಸಾಬನೂ ತಲೆ ತಗ್ಗಿಸಿದ.

ರೇವಣ್ಣ ಹೆಂಡತಿಯ ಕಡೆ ತಿರುಗಿ ಕೇಳಿದ. "ಬಸ್ಸಿನಾಗೆ ಇದನ್ನ ಯಾವ ಕಡೆ ತಿರುಗಿಸಿ ಇಟ್ಕೊಂಡಿದ್ದೆ?"

"ಎಲ್ಲಾ ಕಡೆನೂ ಜನ ಇದ್ರು," ಎಂದಳು ಅಂಜಿನವ್ವ. "ಕೊನೀಗೆ ನನ್ನ ಕಡೆ ಇಟ್ಕೊಂಡೆ."

ರೇವಣ್ಣ ಎದ್ದು ಒಳಗೆ ಹೋದ. ಬಟ್ಟೆ ಇಡುವ ಟ್ರಂಕಿನಲ್ಲಿ ಜಾಗ ಮಾಡಿ ಪಿಸ್ತೂಲಿನ ಪೆಟ್ಟಿಗೆ ಇಟ್ಟು ಬೀಗ ಹಾಕಿದ. ಗುಂಡಿನ ಡಬ್ಬಿಯನ್ನು ಬೇರೆ ಕೋಣೆಯ ಗೂಡಿನಲ್ಲಿ, ಅದಕ್ಕೆ ಬೇರೆ ಬೀಗ ಹಾಕಿ ಇಟ್ಟ. ಎರಡೂ ಬೀಗದ ಕೈಗಳನ್ನು ತಂದು ಅಂಜಿನವ್ವನ ಕೈಗೆ ಕೊಟ್ಟ. "ನಾನು ಕೇಳಿದ್ರೂ ಮೊದಲು ನೀನು ತೆರೆದು ನೋಡು, ಆಮೇಲೆ ನನಗೆ ಕೊಡು," ಎಂದ.

"ಪೊಲೀಸ್ ಠಾಣೆಗೂ ಒಂದು ಸಲ ಹೋಗಿ, ಇದಕ್ಕೆ ಏನಾದರೂ ಪರವಾನಗಿ ಬೇಕಾ ಕೇಳ್ಕೊಂಡು ಬರ್ರಿ," ಎಂದಳು ಶಮೀಮ್. ಮಾರನೆಯ ದಿನವೇ ರೇವಣ್ಣ ಹೋಗಿ ಬಂದ. ಅಕ್ಕಿಯ ಮೇಲೆ ಹಾಸಲು ಮಸ್ತಾನಸಾಬ್ ಎಲ್ಲಿಂದಲೋ ಹಳೇ ಮೀನಿನ ಬಲೆ ತಂದುಕೊಟ್ಟ. ಕೋತಿಗಳು ಬಲೆಯನ್ನು ಕಂಡು ಅನುಮಾನಪಟ್ಟು ದೂರವೇ ಕೂತವು. ಅದು ಕಂಡು ರಂಗವ್ವನಿಗೆ ಎಲ್ಲರಿಗಿಂತ ಹೆಚ್ಚು ಸಮಾಧಾನವಾಯಿತು.

ಅಕ್ಕಂದಿರೇ, ಅಣ್ಣಂದಿರೇ, ಈ ಕಥೆ ಕೇಳಿದಿರಿ. ನಿಮ್ಮ ಮನೆಯಲ್ಲೂ ಗಾಳಿ ಪಿಸ್ತೂಲೋ ಗಾಳಿ ಬಂದೂಕೋ ಇದ್ದರೆ, ಈಗಲೇ ಅದು ಎಲ್ಲಿದೆ ಎಂದು ಯೋಚಿಸಿ. ಅದು ಖಾಲಿ ಎಂಬ ಮಾತನ್ನು ಯಾರಿಂದಲೂ ಕೇಳಿ ನಂಬಬೇಡಿ. ಬೆರಳನ್ನು ಕುದುರೆಯಿಂದ ದೂರವಿಟ್ಟು, ನಳಿಗೆಯನ್ನು ಯಾರೂ ಇಲ್ಲದ ಮಣ್ಣಿನ ಕಡೆಗೆ ಹಿಡಿದು, ತೆರೆದು ನೋಡಿ. ತೆರೆಯಲು ಬಾರದಿದ್ದರೆ ಮುಟ್ಟದೆ ಬಲ್ಲವರನ್ನು ಕರೆಸಿ. ಕೆಲಸ ಮಾಡಲಿಲ್ಲವೆಂದು ಎಣ್ಣೆ ಸುರಿಯಬೇಡಿ, ನಳಿಗೆಯ ಬಾಯಿಗೆ ಕಣ್ಣು ಇಡಬೇಡಿ. ಸ್ಪ್ರಿಂಗ್ ಸಡಿಲವಿರಲಿ, ಗುಂಡು ಬೇರೆ ಇರಲಿ, ಎರಡಕ್ಕೂ ಬೀಗ ಇರಲಿ. ಕಣ್ಣು ಹೋದರೆ ಹರಿಹರದಲ್ಲೂ ಸಿಗದು, ಬೊಂಬಾಯಿಯಲ್ಲೂ ಸಿಗದು. ಓದುವುದನ್ನು ಇಲ್ಲಿಗೆ ನಿಲ್ಲಿಸಿ, ಎದ್ದು ಹೋಗಿ ಬೀಗ ನೋಡಿ ಬನ್ನಿ.